ಬಾಳಮ್ಮ ಕೇಳಿಸಿಕೊಂಡ ದನಿ

ಕೆರೂರಿನ ಒಂದು ಹೈಸ್ಕೂಲಿನಲ್ಲಿ ಬಾಳಮ್ಮ ಹನ್ನೊಂದು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳಿಗೆ ಓದು ಬಾರದು. ಆದರೆ ಇನ್ನೂರು ಮಕ್ಕಳಲ್ಲಿ ಯಾರಿಗೆ ಬದನೆಕಾಯಿ ಸೇರುವುದಿಲ್ಲ, ಯಾರು ಎರಡನೆಯ ಸಲ ಬಡಿಸಿರೆನ್ನಲು ನಾಚುತ್ತಾರೆ ಎಂಬುದೆಲ್ಲ ಗೊತ್ತು. ಒಂಬತ್ತನೆಯ ತರಗತಿಯ ನಜಮಾ ನಾಚುವವಳು. ಮಾತಾಡುವಾಗ ಉಗ್ಗುತ್ತಿದ್ದಳು. ಅವಳು ‘ಸಾರು’ ಎಂದು ಹೇಳಿ ಮುಗಿಸುವವರೆಗೆ ಬಾಳಮ್ಮ ಸೌಟು ಹಿಡಿದು ನಿಂತಿರುತ್ತಿದ್ದಳು.

ಕಳೆದ ನವೆಂಬರಿನಲ್ಲಿ ನಜಮಾ ಊಟಕ್ಕೆ ಬರುವುದನ್ನು ಬಿಟ್ಟಳು. ವಾರದೊಳಗೆ ಶಾಲೆಯನ್ನೂ ಬಿಟ್ಟಳು. ಅದೇ ತರಗತಿಯಲ್ಲಿದ್ದ ಮಗಳು ಭಾಗ್ಯಜ್ಯೋತಿಯನ್ನು ಕೇಳಿದರೆ, “ಜ್ವರಾ ಬಂದಿರಬೇಕ ಬಿಡ ಯವ್ವಾ” ಎಂದಳು.

ಮನೆಯಲ್ಲಿದ್ದುದು ಬಾಳಮ್ಮನ ಫೋನೊಂದೇ. ಅಭ್ಯಾಸದ ನೆಪದಲ್ಲಿ ಸಂಜೆಯೆಲ್ಲ ಅದು ಮಗಳ ಕೈಯಲ್ಲಿರುತ್ತಿತ್ತು. ಒಂದು ಮುಂಜಾನೆ ಮಗಳು ನೀರಿಗೆ ಹೋದಾಗ ಫೋನು ಮೇಲಿಂದ ಮೇಲೆ ಸದ್ದು ಮಾಡಿತು. ಬಾಳಮ್ಮ ಎತ್ತಿಕೊಂಡು ಎಲ್ಲೋ ಒತ್ತಿದಳು. ನಜಮಾಳ ದನಿ ಬಂತು. ತರಗತಿಯಲ್ಲಿ ಪದ್ಯ ಓದುತ್ತಿದ್ದ ದನಿ. ಅವಳು ತಡವರಿಸಿದ ಅಕ್ಷರಗಳನ್ನಷ್ಟೇ ಕತ್ತರಿಸಿ ಜೋಡಿಸಿ, ಹಿಂದೆ ಡೊಳ್ಳಿನ ಬಡಿತ ಸೇರಿಸಿದ್ದರು. ಕೆಳಗೆ ಸಾಲುಸಾಲು ನಗುವ ಮುಖಗಳು. ಅವನ್ನು ತಿಳಿಯಲು ಓದು ಬರಬೇಕಿರಲಿಲ್ಲ.

ಮಗಳು ಬಾಗಿಲಿಗೆ ಬಂದಾಗ ಬಾಳಮ್ಮ ಕೇಳಿದಳು, “ಇದನ್ನ ಮಾಡಿದಾಕಿ ಯಾರ?”

ಭಾಗ್ಯಜ್ಯೋತಿ ಕೊಡ ಇಳಿಸದೆ ನಿಂತಳು. “ಚ್ಯಾಷ್ಟಿಗೆ ಮಾಡಿದ್ವಿ. ಎಲ್ಲಾರೂ ನಕ್ಕರು.”

“ಯಾರ ಅಂತ ಕೇಳೇನಿ.”

“ನಾನ. ನೀ ಅಡಗಿ ಮಾಡೂಮುಂದ ಫೋನ ಕ್ಲಾಸಿಗೆ ಒಯ್ದಿದ್ನಿ.”

ಬಾಳಮ್ಮನ ಕೈ ಮೇಲೆದ್ದಿತು. ಹೊಡೆಯಲಿಲ್ಲ. “ಈಗ ಅಳಸ್ತೇನಿ ಕೊಡ” ಎಂದು ಮಗಳು ಫೋನಿಗೆ ಕೈಚಾಚಿದಾಗ ಬಾಳಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ನೀ ಅಳಸಿದ್ರ, ಆಕಿ ಕೇಳಿದ್ದು ಅಳಸತೈತೇನ?”

ಶಾಲೆಗೆ ಹೋಗಿ ಫೋನನ್ನು ಆ ತರಗತಿಯ ಭುವನೇಶ್ವರಿ ಟೀಚರ ಮುಂದಿಟ್ಟಳು. “ಅಳಸದ ತಂದಿದ್ದು ಛಲೋ ಆತ ಬಾಳಮ್ಮ. ಯಾರ್ಯಾರು ಮುಂದ ಕಳಿಸ್ಯಾರ ಇದರಾಗ ಗೊತ್ತಾಗತೈತಿ” ಎಂದ ಟೀಚರ್ ಎಲ್ಲ ಹೆಸರು ಬರೆದುಕೊಂಡು ಒಂದೊಂದೇ ಮನೆಗೆ ಫೋನು ಮಾಡಿದರು. ಕೆಲವರು ಹುಡುಗಾಟಿಕೆ ಎಂದರು. ಕೆಲವರು ಬಂದು ತಲೆ ತಗ್ಗಿಸಿ ಕೂತರು. ಭಾಗ್ಯಜ್ಯೋತಿ ತರಗತಿಯ ಮುಂದೆ ನಿಂತು ತಾನೇ ಮಾಡಿದ್ದೆಂದು ಹೇಳಿದಳು. “ಹೆತ್ತ ಮಗಳ ಮಾನಾ ನೀನ ಕಳದಿ” ಎಂದು ಜೊತೆಯ ಅಡುಗೆಯವಳು ರಂಗವ್ವ ಅಂದಳು. ಬಾಳಮ್ಮ ಅಕ್ಕಿ ತೊಳೆಯುತ್ತಲೇ ಇದ್ದಳು.

ಅಂದು ಸಂಜೆ ಮಗಳನ್ನು ಕರೆದುಕೊಂಡು ನಜಮಾಳ ಮನೆಗೆ ಹೋದಳು. ತಂದೆ ಜಾಫರಸಾಬ ಟೇಲರ್. ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. “ಆಕಿ ಇಲ್ಲಿಲ್ರಿ ಅಕ್ಕಾರ. ಇಳಕಲ್ಲಿಗೆ, ಅವರ ಮಾಮಾನ ಮನಿಗೆ ಕಳಿಸೇವಿ. ಅಲ್ಲೇ ಸಾಲಿಗೆ ಹಚ್ಚಿದ್ವಿ. ಮೂರನೇ ದಿನಕ್ಕ ಆ ಸಾಲಿ ಹುಡುಗ್ಯಾರ ಫೋನಿನ್ಯಾಗೂ ಇದ ಬಂದಿತ್ತು.”

“ತಪ್ಪಾತ್ರಿ” ಎಂದಳು ಭಾಗ್ಯಜ್ಯೋತಿ.

“ನನಗ ಹೇಳಿ ಏನಾತವ್ವಾ” ಎಂದು ಅವನು ಮತ್ತೆ ಮಷೀನಿಗೆ ಕೂತ.

ರವಿವಾರ ತಾಯಿ ಮಗಳು ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಹುನಗುಂದ ದಾಟಿ ಇಳಕಲ್ಲಿಗೆ ಹೋದರು. ನಜಮಾ ಹೊಸ್ತಿಲಲ್ಲಿ ನಿಂತು ಭಾಗ್ಯಜ್ಯೋತಿ ಹೇಳಿದ್ದನ್ನೆಲ್ಲ ಕೇಳಿದಳು. ಅವಳು ಬಾಯಿಬಿಟ್ಟು ಇಪ್ಪತ್ತು ದಿನವಾಯಿತು, ಬೇಕಾದ್ದನ್ನು ಬರೆದು ತೋರಿಸುತ್ತಾಳೆ ಎಂದು ಮಾಮಿ ಹೇಳಿದಳು. ನಜಮಾ ಒಳಗೆ ಹೋಗಿ ಚೀಟಿಯೊಂದನ್ನು ತಂದು ಬಾಳಮ್ಮನ ಕೈಗಿಟ್ಟಳು. ಬಾಳಮ್ಮ ಅದನ್ನು ಮಗಳಿಗೆ ಕೊಡಲೇಬೇಕಾಯಿತು.

ಭಾಗ್ಯಜ್ಯೋತಿ ಕೆಳದನಿಯಲ್ಲಿ ಓದಿದಳು: “ನೀವು ಬರ್ರಿ. ಆಕೀನ್ನ ಕರಕೊಂಡ ಬರಬ್ಯಾಡ್ರಿ.”

ಭುವನೇಶ್ವರಿ ಟೀಚರ್ ಬಾಗಲಕೋಟೆಯ ಒಂದು ದವಾಖಾನೆಯ ವಿಳಾಸ ಕೊಟ್ಟರು. ಅಲ್ಲಿ ಉಗ್ಗಿಗೂ ಮನಸ್ಸಿನ ಅಂಜಿಕೆಗೂ ಉಪಚಾರವಿತ್ತು. ಜಾಫರಸಾಬ ಮಗಳನ್ನು ಇಳಕಲ್ಲಿನಿಂದ ತಿಂಗಳಿಗೆ ಎರಡು ಸಲ ಅಲ್ಲಿಗೆ ಕರೆದೊಯ್ಯುತ್ತಾನೆ. ಆ ದಿನ ಬಾಳಮ್ಮ ರಜೆ ಹಾಕಿ ಜೊತೆಗೆ ಹೋಗುತ್ತಾಳೆ. ನಜಮಾ ಬೆಂಚಿನ ಮೇಲೆ ಅವಳಿಗೆ ಒತ್ತಿಕೊಂಡು ಕೂರುತ್ತಾಳೆ. ಮಾತು ಇನ್ನೂ ಮರಳಿಲ್ಲ. ಮಾರ್ಚಿನ ಪರೀಕ್ಷೆಗೂ ಅವಳು ಕೂರಲಿಲ್ಲ. ಭಾಗ್ಯಜ್ಯೋತಿ ಹತ್ತನೆಯ ತರಗತಿಗೆ ಹೋದಳು.