ನೀಲಮ್ಮತ್ತೆ ಊರೂರು ತಿರುಗಿದ್ದು

ಮೊನ್ನೆ ಮದುವೆಯೊಂದಕ್ಕೆಂದು ಬೀದರಿನಿಂದ ಔರಾದಿಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಬುತ್ತಿ ಬಿಚ್ಚಿದಳು. ಪುಂಡಿಸೊಪ್ಪಿನ ಪಲ್ಲೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೀಲಮ್ಮತ್ತೆ ನೆನಪಾದಳು. ಸಕ್ಕರೆ ಕಾಯಿಲೆಯ ನಾನು ವೈದ್ಯರ ಮಾತಿಗೆ ಮಾಳಿಗೆಯ ಮೇಲೆಯೇ ಸುತ್ತು ಹಾಕುವವಳು. ಅದನ್ನೇ ದೊಡ್ಡ ಸಾಹಸವೆಂದು ಮನೆಮಂದಿಗೆಲ್ಲ ಹೇಳಿಕೊಳ್ಳುವವಳು. ಅತ್ತೆಯ ಕತೆಯೇ ಬೇರೆ, ಕೇಳಿ.

ಆಕೆ ನನ್ನಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಸಾಯಗಾಂವದಿಂದ ಭಾಲ್ಕಿಯ ನಮ್ಮ ಮನೆಗೆ ಬಂದು, ಅಡುಗೆಮನೆಯನ್ನು ಆಳಿಕೊಂಡಿದ್ದಳು. ಪುಂಡಿಪಲ್ಲೆ ಅವಳ ಕೈಯದೇ ಆಗಬೇಕಿತ್ತು. ರಜಾಕಾರರ ಗದ್ದಲದ ದಿನಗಳಲ್ಲಿ ಊರ ಬಾಗಿಲುಗಳೆಲ್ಲ ಹಗಲಲ್ಲೇ ಮುಚ್ಚಿದವು. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆ ಮುಗಿಯಿತು, ಪೇಟೆ ತೆರೆಯಿತು, ನಮ್ಮ ಶಾಲೆಯೂ ತೆರೆಯಿತು. ಅತ್ತೆ ಮಾತ್ರ ಹೊರಗೆ ಕಾಲಿಡಲಿಲ್ಲ. ಎದೆ ಡವಡವ ಎನ್ನುತ್ತಿತ್ತು, ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಲವತ್ತೈದಕ್ಕೇ ಎಪ್ಪತ್ತರವಳಂತೆ ಕಾಣುತ್ತಿದ್ದಳು.

ಅಪ್ಪ ನಮ್ಮ ಓಣಿಯ ಯುನಾನಿ ವೈದ್ಯರಾದ ಹಕೀಮಸಾಬರನ್ನು ಕರೆತಂದರು. ಅವರೂ ನೊಂದವರೇ. ಕಾರ್ಯಾಚರಣೆಯ ಬೆನ್ನಿಗೇ ಅವರ ತಮ್ಮ ಕಾಣೆಯಾಗಿದ್ದ. ಅಂದಿನಿಂದ ಅವರು ಓಣಿ ದಾಟಿರಲಿಲ್ಲ. ಬಹಳ ಹೊತ್ತು ನಾಡಿ ಹಿಡಿದು ಕೂತರು.

“ನಾಡಿ ಚೆಂದ ಅದರಿ, ನೀಲಮ್ಮಾ. ಬೀಮಾರಿ ಮೈಯಾಗಿಲ್ಲ, ಈ ನಾಕು ಗ್ವಾಡಿ ಒಳಗದ. ಹೊರಗ ಹೋಗ್ರಿ, ತಿರಗಾಡ್ರಿ. ನನ್ನ ಬಲ್ಲಿ ಬ್ಯಾರೆ ದವಾ ಇಲ್ಲ.”

ಅತ್ತೆ ಮೊದಲ ಸಲ ಮನೆ ಮುಂದಿನ ಕಟ್ಟೆಯವರೆಗೆ ಹೋಗಿ ತಿರುಗಿ ಬಂದಳು. ಎರಡನೆಯ ಸಲ ರೈಲು ನಿಲ್ದಾಣದವರೆಗೆ ಹೋದಳು. ಗಾಡಿ ಬಂದು ಹೋಯಿತು, ಈಕೆ ಕಂಬ ತಬ್ಬಿ ನಿಂತೇ ಇದ್ದಳು. ಮೂರನೆಯ ಸಲ, ಕಣ್ಣು ಮುಚ್ಚಿ ಹತ್ತಿದಳಂತೆ. ಬೀದರಿನಲ್ಲಿ ಇಳಿದು, ಕೋಟೆ ನೋಡಿ, ದೂರದ ಸಂಬಂಧದ ತಂಗಿಯೊಬ್ಬಳ ಮನೆಯಲ್ಲಿ ಎಂಟು ದಿನ ಉಳಿದು ಬಂದಳು. “ಅಲ್ಲಿ ಎರಡು ರೊಟ್ಟಿ ಉಂಡೆ ನೋಡವಾ!” ಎಂದು ನನ್ನ ಕೆನ್ನೆ ಹಿಂಡಿದಳು.

ಮನೆಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಎದೆ ಡವಡವ. ಮೂರನೆಯ ದಿನ ಬೆಳಿಗ್ಗೆ ಎರಡು ಸೀರೆ, ಒಂದು ಚಾದರ ಗಂಟು ಕಟ್ಟಿದಳು.

“ತಮ್ಮಾ, ನಾ ಇನ್ನ ಒಂದ ಕಡಿ ಇರಾಂಗಿಲ್ಲ. ತಿರಗ್ತೇನಿ.”

ಅಪ್ಪ ಗಾಬರಿಯಾದರು. “ಮಂದಿ ಏನಂತಾರ, ಅಕ್ಕಾ?”

“ಅನ್ನಲಿ. ಮಂದಿ ಮಾತಿಗಿ ನನ್ನ ಎದಿ ಬಡಕೊಳ್ಳಾಂಗಿಲ್ಲ. ಇಲ್ಲಿ ಕುಂತ್ರ ಬಡಕೊಳ್ತದ.”

ಮಂದಿ ಅಂದರು, ತಿಂಗಳುಗಟ್ಟಲೆ ಅಂದರು. ಅತ್ತೆ ಮಠದಲ್ಲಿ, ಬಂಧುಗಳಲ್ಲಿ, ಗುರುತಿನವರಲ್ಲಿ ನಾಲ್ಕು ನಾಲ್ಕು ದಿನ ಉಳಿದು ಮುಂದಕ್ಕೆ ಹೊರಡುತ್ತಿದ್ದಳು. ಉಳಿದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬಾಣಂತಿಗೆ ನೀರೆರೆಯುತ್ತಿದ್ದಳು. ಮಾಂಜ್ರಾ ನದಿಯನ್ನು ದೋಣಿಯಲ್ಲಿ ದಾಟಿ ಔರಾದು ನೋಡಿದಳು, ಅಲ್ಲಿಂದ ನಡೆದೇ ಚಿಂತಾಕಿ ಮುಟ್ಟಿದಳು. ನಮ್ಮ ಮನೆಗೂ ನೆಂಟರಂತೆ ಬಂದು, ಚಾಪೆಯ ಮೇಲೆ ಕೂತು, ಅವ್ವನ ಸಾರಿಗೆ ಉಪ್ಪು ಕಡಿಮೆಯೆಂದು ಬೈಯುವಷ್ಟು ಗಟ್ಟಿಯಾದಳು. ಬೈಸಿಕೊಂಡ ಅವ್ವನಿಗೇ ನಗು.

ಹಾಗೆ ಬಂದಾಗಲೊಮ್ಮೆ ಹಕೀಮಸಾಬರ ಮುಂದೆ ಕೈ ಚಾಚಿ ನಿಂತಳು. ಅವರು ನಾಡಿ ನೋಡಿ, “ವಾಹ್! ಹದಿನಾರರ ಹುಡುಗಿ ನಾಡಿರಿ ಇದು,” ಎಂದರು.

“ನನಗ ಹೊರಗ ಹೋಗು ಅಂದ್ರಿ. ನೀವ್ಯಾಕ ಕುಂತೀರಿ, ಹಕೀಮಸಾಬ?”

ಮುದುಕರು ನೆಲ ನೋಡಿದರು. “ತಮ್ಮ ಬಂದ್ರ ಮನ್ಯಾಗ ಯಾರರೆ ಇರಬೇಕಲ್ಲರಿ.”

ಅತ್ತೆ ಮೆಲ್ಲಗೆ ಹೇಳಿದಳು: “ಮನ್ಯಾಗ ನಿಮ್ಮ ಬೇಗಂ ಇದ್ದಾರಲ್ಲರಿ. ಟೇಶನ್‌ತನಕ ಅಷ್ಟೇ ಬರ್ರಿ. ನನ್ನ ಗಾಡಿ ಹತ್ತಿಸಿ ತಿರುಗಿ ಬರ್ರಿ.”

ಅವರು ಟೊಪ್ಪಿಗೆ ಹಾಕಿಕೊಂಡು ಹೊರಬಿದ್ದಾಗ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಅತ್ತೆಯ ಕೈ ಹಿಡಿದು ನಾನೂ ಹೋಗಿದ್ದೆ. ಪೇಟೆಯಲ್ಲಿ ಅಂಗಡಿಯವರು ಎದ್ದು ಸಲಾಂ ಮಾಡಿದರು. ಸಾಬರ ಕಣ್ಣು ತುಂಬಿ ಬಂದವು, ಕಾಲು ಮಾತ್ರ ನಿಲ್ಲಲಿಲ್ಲ. ಗಾಡಿ ಹೊರಟಾಗ ಕಿಟಕಿಯಲ್ಲಿ ಅತ್ತೆ ನಗುತ್ತಿದ್ದಳು. ಮರುದಿನದಿಂದ ಸಾಬರು ದಿನಾ ಪೇಟೆಗೆ ಹೋಗಿಬರತೊಡಗಿದರು. ಅತ್ತೆಯೋ, ಎಂಬತ್ತು ದಾಟುವವರೆಗೂ ತಿರುಗಿದಳು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಔರಾದು ಬಂತು. ಅಕ್ಷತೆ ಹಾಕಿ, ಉಂಡು, ಮಗಳಿಗೆ ಫೋನು ಮಾಡಿದೆ.

“ಇವತ್ತ ಮನಿಗಿ ಬರಾಂಗಿಲ್ಲವಾ.”

“ಯಾಕಬೇ, ಆರಾಮಿಲ್ಲೇನು?”

“ಭಾಳ ಆರಾಮ ಇದ್ದೇನಿ. ಚಿಂತಾಕಿಗಿ ಹೊಂಟೇನಿ.”