ಬಿರಡೆಗೆ ಕಟ್ಟಿದ ಕೆಂಪು ದಾರ

ಹೋದ ತಿಂಗಳು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನ ಗುಜರಿ ಅಂಗಡಿಯಿಂದ ಒಂದು ವಾಸನೆ ಬಂತು. ನುಸಿಗುಳಿಗೆ ಮತ್ತು ಒಣಗಿದ ಬೇವಿನ ಸೊಪ್ಪು ಸೇರಿದ ವಾಸನೆ. ಈ ಎರಡನ್ನೂ ಒಟ್ಟಿಗೆ ನಾನು ಒಂದೇ ಕಡೆ ಕಂಡಿದ್ದೆ... ತಿರುಗಿ ನೋಡಿದೆ. ಕೆಟ್ಟ ಫ್ರಿಜ್ಜುಗಳ ನಡುವೆ, ಮುಂದಿನ ಹಲಗೆ ಕಿತ್ತುಹೋದ ಪಿಯಾನೋ ಒಂದು ಗೋಡೆಗೆ ಒರಗಿತ್ತು.

"ಇಳಿಸಕ್ಕೆ ಆರು ಜನ ಬೇಕಾಯ್ತು ಮೇಡಂ," ಅಂದ ಅಂಗಡಿಯವನು. "ಚಾಮರಾಜನಗರದ ಯಾವ್ದೋ ಸ್ಕೂಲಿಂದು. ಒಳಗೆಲ್ಲ ಬರೀ ತಂತಿ, ಬೇವಿನ ಸೊಪ್ಪು. ಇಲಿಗೆ ಇಟ್ಟಿದ್ರೋ, ಮಾರಮ್ಮನಿಗೆ ಇಟ್ಟಿದ್ರೋ!"

ನಾನು ಬಗ್ಗಿ ನೋಡಿದೆ. ತಂತಿಗಳನ್ನು ಬಿಗಿಯುವ ಬಿರಡೆಗಳ ಸಾಲಿನಲ್ಲಿ ಮೂರಕ್ಕೆ ಕೆಂಪು ದಾರ ಕಟ್ಟಿತ್ತು. ಬಣ್ಣ ಮಾಸಿತ್ತು. ಗಂಟು ಹಾಗೇ ಇತ್ತು. ನನ್ನ ಬಸ್ಸು ಬಂದು ಹೋಯಿತು.

ಆ ದಾರ ಕಟ್ಟಿದವರನ್ನು ನಾವು ಮಿಸ್ ಎನ್ನುತ್ತಿದ್ದೆವು. ಬೀದಿಯವರಿಗೆ ಅವರು ಚೀನಾ ಡಾಕ್ಟ್ರಮ್ಮ. ಅವರೇನೂ ಡಾಕ್ಟರಲ್ಲ, ಡಾಕ್ಟರು ಅವರ ಗಂಡ. ಚೀನಾಕ್ಕೆ ಓದಲು ಹೋಗಿ, ಅಲ್ಲೇ ಅವರನ್ನು ಮದುವೆಯಾಗಿ, ಚಾಮರಾಜನಗರಕ್ಕೆ ಮರಳಿದ್ದರು. ಮಿಸ್ ತಮ್ಮ ದೇಶದಲ್ಲಿ ಸಂಗೀತ ರಚಿಸುತ್ತಿದ್ದವರು. ಅಜ್ಜಿಯ ಊರಿನಲ್ಲಿ ಟೀ ಎಲೆ ಬಿಡಿಸುವಾಗ ಹೆಂಗಸರು ಹಾಡುವ ಪದಗಳನ್ನು ಪಾಶ್ಚಾತ್ಯ ಶಾಸ್ತ್ರೀಯ ಕ್ರಮದಲ್ಲಿ ಪಿಯಾನೋಗೆ ಬರೆಯುತ್ತಿದ್ದರು. ಎಡಗೈ ಪರದೇಶದ್ದು, ಬಲಗೈ ಅಜ್ಜಿಯದು ಎನ್ನುತ್ತಿದ್ದರು.

ನಮ್ಮ ಶಾಲೆಗೆ ಬೆಟ್ಟದ ಮೇಲಿನ ಯಾವುದೋ ಎಸ್ಟೇಟಿನವರು ಕೊಟ್ಟ ಹಳೆಯ ಪಿಯಾನೋ ಇತ್ತು. ಅದನ್ನು ನುಡಿಸಬಲ್ಲವರು, ನಮಗೆ ಕಲಿಸುತ್ತಿದ್ದವರು ಅವರೊಬ್ಬರೇ. ಒಳಗೆ ನುಸಿಗುಳಿಗೆ, ಬೇವಿನ ಸೊಪ್ಪು ಇಟ್ಟು ಇಲಿಗಳಿಂದ ಕಾಯುತ್ತಿದ್ದವರೂ ಅವರೇ. ಕನ್ನಡವನ್ನು ಸಂತೆಯಲ್ಲಿ ಮತ್ತು ಮನೆಕೆಲಸದ ಅಕ್ಕನಿಂದ ಕಲಿತಿದ್ದರು. ಆ ಕಣ್ಣು, ಆ ಮುಖದಿಂದ, "ಮೆಲ್ಗೆ ಒತ್ತು ಕಣಮ್ಮಿ, ರಾಗಿ ಕುಟ್ಟಕ್ಕೆ ಬಂದಿದ್ದೀಯಾ?" ಎಂಬ ಮಾತು ಬಂದರೆ ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಸೋಮವಾರ ಸೋಮವಾರ ಉಮ್ಮತ್ತೂರಿನಿಂದ ನೀಲಗಾರರೊಬ್ಬರು ನಮ್ಮ ಬೀದಿಗೆ ಬರುತ್ತಿದ್ದರು. ಗುರುಮನೆಯಲ್ಲಿ ದೀಕ್ಷೆ ಪಡೆದು, ತಂಬೂರಿ ಮೀಟುತ್ತ, ಮನೆಮನೆಯ ಮುಂದೆ ದೇವರ ಪದ ಹಾಡುವವರು. ಮಿಸ್ ಮೊದಲ ಸಲ ಕೇಳಿದ ದಿನ ಮೊರದಲ್ಲಿ ತಂದ ಅಕ್ಕಿಯನ್ನು ಜೋಳಿಗೆಗೆ ಹಾಕುವುದನ್ನೇ ಮರೆತು ನಿಂತಿದ್ದರು. ಅಜ್ಜಿಯ ಪದದಲ್ಲೂ ಐದೇ ಸ್ವರ, ಇವರ ಪದದಲ್ಲೂ ಐದೇ ಎಂದು ಆಮೇಲೆ ನನಗೆ ಹೇಳಿದರು. ನೀಲಗಾರರ ಹಾಡಿನ ಜೊತೆ ನುಡಿಸಲು ಪಿಯಾನೋಗೆ ಒಂದು ರಚನೆ ಬರೆಯತೊಡಗಿದರು. ಎಂಟು ತಿಂಗಳು ಬರೆದರು.

ಅದನ್ನು ರೆಕಾರ್ಡ್ ಮಾಡಬೇಕಿತ್ತು. ನೀಲಗಾರರಿಗೆ ಬಿಡುವಿದ್ದದ್ದು ಒಂದೇ ಬೆಳಗ್ಗೆ. ಮರುದಿನ ಅವರು ತಂಡದೊಡನೆ ಊರೂರು ಹೊರಡುವವರಿದ್ದರು. ನಮ್ಮ ಪಿಯಾನೋ ಪರೀಕ್ಷೆಯೂ ಅದೇ ದಿನ ಬಿತ್ತು. ಹನ್ನೊಂದಕ್ಕೆ ಮೈಸೂರಿನಿಂದ ಪರೀಕ್ಷಕರು ಬರುತ್ತಾರೆ, ಐದು ಹುಡುಗಿಯರು ನುಡಿಸಬೇಕು. ಈ ಸಲ ಪರೀಕ್ಷೆ ನೆಟ್ಟಗೆ ನಡೆಯದಿದ್ದರೆ ಪಿಯಾನೋ ಕ್ಲಾಸೂ ಇಲ್ಲ, ಟೀಚರೂ ಇಲ್ಲ ಎಂದು ಹೆಡ್‌ಮಿಸ್ಟ್ರೆಸ್ ಮೊದಲೇ ಹೇಳಿದ್ದರು. ಆ ಐವರಲ್ಲಿ ನಾನೊಬ್ಬಳು. ನನಗೆ ಹದಿಮೂರು ವರ್ಷ. ಶಾಲೆಯ ಹಿಂದೆಯೇ ನಮ್ಮ ಮನೆ ಇದ್ದುದರಿಂದ ಮಿಸ್ ನನ್ನನ್ನು ಏಳಕ್ಕೇ ಸಹಾಯಕ್ಕೆ ಕರೆದಿದ್ದರು.

ಇನ್ನು ಮುಂದಿನದನ್ನು ನಾನು ಕ್ರಮವಾಗಿ ಹೇಳಬೇಕು.

ನೀಲಗಾರರು ಏಳೂವರೆಗೆ ಬಂದರು. ಧೂಪ ಹಾಕಿ, ತಂಬೂರಿ ಮೀಟಿದರು. ಮಿಸ್ ಒಂದೊಂದೇ ಸ್ವರ ಒತ್ತಿ ನೋಡಿದರು. ಐದರಲ್ಲಿ ಎರಡು ಕೂಡಿದವು, ಮೂರು ಕೂಡಲಿಲ್ಲ. ಹಾಡಿನ ಸ್ವರ ಪಿಯಾನೋದ್ದಕ್ಕಿಂತ ಎಳ್ಳಷ್ಟು ಕೆಳಗಿತ್ತು. ತಂಬೂರಿಯನ್ನು ಸ್ವಲ್ಪ ಬಿಗಿ ಮಾಡಬಹುದೇ ಎಂದು ಮಿಸ್ ಕೇಳಿದರು.

"ಇದು ಗುರುಮನೇಲಿ ಕೊಟ್ಟ ಶ್ರುತಿ ಕಣವ್ವ. ಕೊಟ್ಟೋರು ಓಗ್ಬುಟ್ರು. ಈಗ ಯಾರ್ನ ಕೇಳ್ಬುಟ್ಟು ತಿರುಗ್ಸನ?" ಅಂದರು ಅವರು. ಆಮೇಲೆ ನಕ್ಕು, "ನಿಮ್ದು ಆನೆ ಗಾತ್ರ ಅದೆ. ಅದೇ ವಸಿ ಬಗ್ಲಿ ಬುಡಿ."

ಮಿಸ್ ನಗಲಿಲ್ಲ. ಗಡಿಯಾರ ನೋಡಿದರು. ಪಿಯಾನೋದ ಮುಂದಿನ ಹಲಗೆ ತೆಗೆದರು. ನಾನು ಟಾರ್ಚ್ ಹಿಡಿದೆ. ಒಂದು ಸ್ವರಕ್ಕೆ ಮೂರು ತಂತಿ, ಮೂರು ಸ್ವರಕ್ಕೆ ಒಂಬತ್ತು ಬಿರಡೆ. ಕಬ್ಬಿಣದ ಹಿಡಿಯಿಂದ ಒಂದೊಂದನ್ನೇ ಕೂದಲೆಳೆಯಷ್ಟು ಸಡಿಲಿಸಿ, ಸಡಿಲಿಸಿದ್ದಕ್ಕೆ ಕೆಂಪು ದಾರ ಕಟ್ಟಿದರು.

"ವಾಪಸ್ ತಿರುಗ್ಸುದ್ ಮ್ಯಾಲೆ ಬಿಚ್ಚದು. ಅಲ್ಲೀಗಂಟ ಮುಟ್ಬ್ಯಾಡ ಕಣಮ್ಮಿ."

ಮಿಸ್ ರೆಕಾರ್ಡರ್ ಒತ್ತಿ, ಹಾಡು ಶುರುವಾದಾಗ ಎಂಟೂ ಹತ್ತು. ಕಾಲು ಗಂಟೆಯಲ್ಲಿ ಮುಗಿಯುತ್ತದೆ ಎಂದು ಮಿಸ್ ಎಣಿಸಿದ್ದರು. ಆ ಸಂಗೀತವನ್ನು ನಾನು ವರ್ಣಿಸಲಾರೆ... ತಂಬೂರಿಯ ಗುಂಯ್ಗುಡುವಿಕೆಯ ಒಳಗಿಂದಲೇ ಪಿಯಾನೋ ಎದ್ದು ಬರುತ್ತಿತ್ತು ಎಂದಷ್ಟೇ ಹೇಳಬಲ್ಲೆ. ನೀಲಗಾರರು ಕಣ್ಣು ಮುಚ್ಚಿದ್ದರು. ಒಂಬತ್ತಾಯಿತು. ಒಂಬತ್ತೂಕಾಲು ಆಯಿತು. ನಿಲ್ಲಿಸಲು ಹೇಳಿ ಎಂದು ಮಿಸ್‌ಗೆ ಕೈಸನ್ನೆ ಮಾಡಿದೆ. ಅವರು ನುಡಿಸುತ್ತಲೇ ಆಗದು ಎಂದು ತಲೆಯಾಡಿಸಿದರು. ಧೂಪ ಹಾಕಿ ಎತ್ತಿದ ದೇವರ ಪದವನ್ನು ಮಂಗಳ ಹಾಡುವ ತನಕ ನಡುವೆ ಕಡಿಯುವಂತಿಲ್ಲ. ಇದು ನಮ್ಮ ಮನೆಯಲ್ಲೂ ಇದ್ದ ನಿಯಮ, ನನಗೆ ಗೊತ್ತಿತ್ತು. ಅದನ್ನು ಮುರಿಯಲು ಹೇಳಿದವಳು ನಾನು, ಪಾಲಿಸಿದವರು ಅವರು.

ಮಂಗಳ ಮುಗಿದಾಗ ಒಂಬತ್ತೂ ಮುಕ್ಕಾಲು. ನೀಲಗಾರರು ಕೈಮುಗಿದು ಬಸ್ಸಿಗೆ ಹೋದರು.

ಸಡಿಲಿಸುವುದು ಸಲೀಸು, ಹಳೆಯ ತಂತಿಯನ್ನು ಮತ್ತೆ ಬಿಗಿಯುವುದು ಅಪಾಯ. ಮಿಸ್ ಉಸಿರು ಬಿಗಿಹಿಡಿದು ತಿರುಗಿಸುತ್ತ ಹೋದರು. ಆರು ಬಿರಡೆ ಹಿಂದಕ್ಕೆ ಬಂದವು, ಆರು ದಾರ ಬಿಚ್ಚಿದರು. ಏಳನೆಯದರಲ್ಲಿ ಪಟಾರೆಂದು ಸದ್ದಾಯಿತು. ತಂತಿ ಹಾರಿ ಅವರ ಹುಬ್ಬನ್ನು ಸೀಳಿತ್ತು. ರಕ್ತ ಕೀಲಿಮಣೆಯ ಮೇಲೆ ಬಿತ್ತು, ನಾಲ್ಕು ಹನಿ. ನಾನು ಎಣಿಸಿದ್ದೆ, ಯಾಕೆಂದರೆ ಅವರ ಮುಖ ನೋಡಲು ಧೈರ್ಯವಿರಲಿಲ್ಲ.

"ಅಳ್ಬ್ಯಾಡ. ಮೂರಲ್ಲಿ ಒಂದ್ ಓದ್ರೆ ಎರಡು ಅದಲ್ಲ. ಅರ್ಧ ಗಂಟೆ ಸಾಕು, ಸರಿ ಮಾಡ್ಬುಡ್ತೀನಿ," ಅಂದರು. ಸೆರಗು ಒತ್ತಿಕೊಂಡು ಮುಖ ತೊಳೆಯಲು ಹೋದರು.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಬಂದರು. ಪರೀಕ್ಷಕರು ಬೇಗ ಬಂದುಬಿಟ್ಟಿದ್ದರು, ಅವರೂ ಜೊತೆಯಲ್ಲಿದ್ದರು. ತೆರೆದ ಪಿಯಾನೋ, ತೂಗುತ್ತಿದ್ದ ತಂತಿ, ರಕ್ತ, ಕೈಯಲ್ಲಿ ಟಾರ್ಚ್ ಹಿಡಿದ ನಾನು.

"ಯಾರೇ ಇದನ್ನ ಮುಟ್ಟಿದ್ದು? ನೀನಾ?"

"ಅಲ್ಲ ಮೇಡಂ," ಅಂದೆ. "ಮಿಸ್ ತಿರುಗ್ಸಿದ್ರು. ನೀಲಗಾರಯ್ಯನ ತಂಬೂರಿಗೆ ಸರಿ ಮಾಡಕ್ಕೆ."

ಅಷ್ಟೇ ಹೇಳಿದ್ದು. ಒಂದು ಅಕ್ಷರವೂ ಸುಳ್ಳಲ್ಲ. ಆರು ಬಿರಡೆ ಆಗಲೇ ಸರಿಯಾಗಿವೆ, ಮೂರೇ ಉಳಿದಿವೆ, ಆ ದಾರ ಅದರ ಗುರುತು, ಅರ್ಧ ಗಂಟೆ ಸಾಕು... ಇವೆಲ್ಲ ನನ್ನ ಬಾಯಲ್ಲಿದ್ದವು. ಬೈಗುಳ ನನ್ನ ಮೇಲೆ ಬೀಳದೆ ದಾಟಿಹೋದದ್ದೇ ಸಾಕು ಎಂದು ಬಾಯಿ ಮುಚ್ಚಿಕೊಂಡೆ.

ಹೆಡ್‌ಮಿಸ್ಟ್ರೆಸ್ ತಾವೇ ಹಲಗೆ ಎತ್ತಿ ಮುಚ್ಚಿ ಬೀಗ ಹಾಕಿದರು. ಶಾಲೆಯ ಆಸ್ತಿಯನ್ನು ಭಿಕ್ಷೆಯವರಿಗೋಸ್ಕರ ಹಾಳು ಮಾಡಿದಿರಿ ಎಂದು ಬಾಗಿಲಲ್ಲಿ ನಿಂತಿದ್ದ ಮಿಸ್‌ಗೆ ಹೇಳಿದರು. ಮಿಸ್ ಅರ್ಧ ಗಂಟೆ ಕೇಳಿದರು. ಎರಡು ಸಲ ಕೇಳಿದರು. ಪರೀಕ್ಷಕರು ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ನನ್ನ ಪಕ್ಕ ಹಾದು ಹೋಗುವಾಗ ಮಿಸ್ ನಿಂತರು. ಹುಬ್ಬಿನ ಮೇಲೆ ಹತ್ತಿ ಇತ್ತು. ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು, ಅದಿನ್ನೂ ಉರಿಯುತ್ತಿತ್ತು, ಆರಿಸಿದರು.

"ನೀ ಸುಳ್ ಏಳ್ಲಿಲ್ಲ ಬುಡು," ಅಂದರು.

ಅವರ ಕ್ಲಾಸು ಅಂದಿಗೇ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಡಾಕ್ಟರು ಬೇರೆ ಊರಿನ ಕೆಲಸಕ್ಕೆ ಹೋದರು, ಅವರೂ ಹೋದರು. ಆ ರೆಕಾರ್ಡಿಂಗ್ ಎಲ್ಲಿದೆಯೋ, ಇದೆಯೋ ಇಲ್ಲವೋ... ನಾಲ್ಕು ವರ್ಷದ ಹಿಂದೆ ಮಿಸ್ ತೀರಿಕೊಂಡರೆಂದು ಅವರ ಮನೆಕೆಲಸದಲ್ಲಿದ್ದ ಅಕ್ಕ ಹೇಳಿದರು. ನಾನು ಕ್ಷಮೆ ಕೇಳಿ ಬರೆದಿದ್ದ ಕಾಗದ ವಿಳಾಸವಿಲ್ಲದೆ ನನ್ನಲ್ಲೇ ಉಳಿದಿತ್ತು.

ಗುಜರಿ ಅಂಗಡಿಯಲ್ಲಿ ನಾನು ಆ ಮೂರು ಬಿರಡೆಗಳ ಮುಂದೆ ಎಷ್ಟು ಹೊತ್ತು ಬಗ್ಗಿದ್ದೆನೋ ಗೊತ್ತಿಲ್ಲ. ಒಂದರಲ್ಲಿ ಮುರಿದ ತಂತಿಯ ಸುರುಳಿ ಇನ್ನೂ ಇತ್ತು. ಉಳಿದೆರಡರಲ್ಲಿ ಒಂದರ ತಂತಿಯನ್ನು ಉಗುರಿನಿಂದ ಮೀಟಿದೆ. ತುಕ್ಕಿನ ಪುಡಿ ಉದುರಿತು. ಸ್ವರವೇನೂ ಬರಲಿಲ್ಲ.

"ಆ ದಾರ ಬೇಕಾ ಮೇಡಂ? ಬಿಚ್ಕೊಳ್ಳಿ, ಅದ್ಕೇನು," ಅಂದ ಅಂಗಡಿಯವನು.

ಗಂಟಿನ ಮೇಲೆ ಬೆರಳಿಟ್ಟೆ. ಬಿರಡೆ ಇನ್ನೂ ಹಿಂದಕ್ಕೆ ಬಂದಿರಲಿಲ್ಲ. ಕೈ ತೆಗೆದೆ.