ಕರ್ತೃಪದ ಕೇಳುವ ಅಕ್ಕೋರು
ದಾಂಡೇಲಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಪ್ರಭಾವತಿ ಅಕ್ಕೋರಿಗೆ ಮಾಡಿದವರ ಹೆಸರಿಲ್ಲದ ವಾಕ್ಯವೆಂದರೆ ಆಗದು. ‘ಚಾದ ಬಶಿ ಒಡೀತ್ರಿ’ ಎಂದ ಅಡುಗೆಯವಳಿಗೆ, ‘ಅದಕ್ಕೇನು ಕೈಕಾಲು ಅದಾವೇನು? ಯಾರು ಒಡದ್ರು ಹೇಳು’ ಎನ್ನುತ್ತಾರೆ. ‘ಕಡತ ಕಳೀತು’ ಎಂದು ಹೆಡ್‌ಮಾಸ್ತರರೂ ಅವರೆದುರು ಹೇಳುವಂತಿಲ್ಲ. ಮಗುವಿನ ಮೈಮೇಲೆ ಗಾಯ ಕಂಡರಂತೂ ಈ ವ್ಯಾಕರಣ ಇನ್ನಷ್ಟು ಬಿಗಿಯಾಗುತ್ತದೆ. ಮೊನ್ನೆ ಎರಡನೇ ತರಗತಿಯ ಸಹನಾಳ ಮೊಣಕಾಲಿನ ಹಿಂದೆ ಸಾಲಾಗಿ ಮೂರು ಬರೆಗಳಿದ್ದವು. ಅವಳ ಅಪ್ಪ ಪರಸಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಕರೆಸಿ ಕೇಳಿದರೆ, ‘ಕಾಲು ಸುಟ್ಟೈತ್ರಿ ಅಕ್ಕೋರ’ ಎಂದ. ‘ಸುಟ್ಟೈತಿ ಅಲ್ಲ, ಸುಟ್ಟಾರ. ಯಾರು?’ ಎಂದರು ಅಕ್ಕೋರು. ‘ಖಾತ್ರಿ ಇಲ್ಲದ ಯಾಕ್ರಿ ಬಾಯಿ ಹಾಕ್ತೀರಿ?’ ಎಂದು ಹೆಡ್‌ಮಾಸ್ತರರು ಗೊಣಗಿದರು. ‘ಸಂಶಯ ಬಂದ್ರ ತಿಳಿಸೂದು ನನ್ನ ಕರ್ತವ್ಯ ಐತಿ. ಖಾತ್ರಿ ಮಾಡೂದು ಅವರ ಕೆಲಸ’ ಎಂದು ಅಕ್ಕೋರು ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದರು. ‘ಜೋಯಿಡಾದ ಅಡವಿಗೆ ವರ್ಗಾ ಮಾಡಸ್ತೇನಿ!’ ಎಂದು ಪರಸಪ್ಪ ಗುಡುಗಿದ. ‘ಮಾಡಸ್ರಿ. ಅಲ್ಲೇನು ಮಕ್ಕಳಿಲ್ಲೇನು?’ ಈ ಹಟದ ಬೇರು ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ಹುಡುಗಿಯ ಮನೆಯವರ ಮಾತು ನಂಬಿದಂತೆ ಮಾಡಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಬಿದ್ದು ತೀರಿಕೊಂಡಳು’ ಎಂದು ಅವರೇ ಬರೆದಿದ್ದರು. ಆ ವಾಕ್ಯದಲ್ಲಿ ಎಲ್ಲವನ್ನೂ ಮಾಡಿಕೊಂಡವಳು ಆ ಹುಡುಗಿಯೇ ಆಗಿಬಿಟ್ಟಿದ್ದಳು. ‘ನಿಮ್ಮ ಹೆಸರು ಗುಪ್ತ ಇಡೂಣೇನ್ರಿ?’ ಎಂದು ಸಹಾಯವಾಣಿಯವಳು ಕೇಳಿದಳು. ಅಕ್ಕೋರು ಪರಸಪ್ಪನ ಮುಖದಿಂದ ಕಣ್ಣು ತೆಗೆಯದೆ, ‘ಬ್ಯಾಡವಾ. ಪ್ರಭಾವತಿ ತಿಳಿಸ್ಯಾಳ ಅಂತ ಬರಕೋ’ ಎಂದರು.